ಮಾದರಿ ರೋಲರ್ ಕೋಸ್ಟರು: ಯಾವ ಪೆಟ್ಟಿಗೆ ಲೇಸು?

ವಿಜ್ಞಾನ ವಸ್ತುಪ್ರದರ್ಶನಗಳ ಕಾಲ ಸಮೀಪಿಸಿತೆಂದರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲಾ ಕಾಲೇಜುಗಳಲ್ಲಿ ಒಂದು ಚರ್ಚೆ ಮೊದಲಾಗುತ್ತದೆ: ಈ ಸಲ ಏನನ್ನು ಮಾಡಿ ತೋರಿಸೋಣ? ಹೊಗೆಯುಗುಳುವ ಜ್ವಾಲಾಮುಖಿಯೂ ಮಳೆನೀರಿನ ಕೊಯ್ಲಿನ ಮನೆಯೂ ಪ್ರತಿವರ್ಷ ತಪ್ಪದೆ ಇರುವಂಥವು. ಅವುಗಳ ಸಾಲಿಗೆ ಈಚೆಗೆ ಹೊಸದೊಂದು ಸೇರಿದೆ. ಅದು ಮೇಜಿನ ಮೇಲೆ ಕಟ್ಟಿ ನಿಲ್ಲಿಸಬಹುದಾದ ಮಾದರಿ ರೋಲರ್ ಕೋಸ್ಟರು. ಬಿಡಿಭಾಗಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿ, ಜೋಡಿಸುವ ಕ್ರಮವನ್ನು ಚಿತ್ರಗಳಲ್ಲಿ ತಿಳಿಸಿ ಮಾರುವ ಇಂಥ ಕಿಟ್‌ಗಳು ಈಗ ಹತ್ತಾರು ಬಗೆಯಲ್ಲಿ ದೊರೆಯುತ್ತವೆ. “ಸಾರ್, ಯಾವುದನ್ನು ತರಿಸೋಣ?” ಎಂದು ಕೇಳುವ ವಿದ್ಯಾರ್ಥಿಗಳು ಹಲವರು. ಪ್ರಯೋಗಶಾಲೆಯ ಅಲ್ಪಸ್ವಲ್ಪ ಹಣದಲ್ಲಿ ಅದನ್ನು ಕೊಳ್ಳಬೇಕಾದ ಉಪಾಧ್ಯಾಯರೂ ಉಂಟು. ಒಮ್ಮೆ ಕೊಂಡರೆ ಐದಾರು ವರ್ಷ ಮತ್ತೊಂದನ್ನು ಕೊಳ್ಳುವ ಅನುಕೂಲ ನಮ್ಮ ಶಾಲೆಗಳಿಗೆ ಬಾರದು. ಆದುದರಿಂದ ಈ ಆಯ್ಕೆಯನ್ನು ಕೇವಲ ಆಟಿಕೆಯ ಮಾತೆಂದು ತಳ್ಳಿಬಿಡುವಂತಿಲ್ಲ.

ಮೊದಲು ರೋಲರ್ ಕೋಸ್ಟರು ಎಂದರೇನೆಂಬುದನ್ನು ನಿಶ್ಚಯಿಸಿಕೊಳ್ಳೋಣ. ಬೆಂಗಳೂರು ಮೈಸೂರು ರಸ್ತೆಯಲ್ಲಿ, ಬಿಡದಿಯ ಬಳಿ, ೨೦೦೫ರಲ್ಲಿ ತೆರೆದ ವಂಡರ್‌ಲಾ ಉದ್ಯಾನಕ್ಕೆ ಹೋಗಿ ಬಂದವರು ಅದನ್ನು ಕಂಡಿರುತ್ತಾರೆ. ಹೋಗದವರು ಜಾತ್ರೆಗಳಲ್ಲಿ ಬರುವ ಡ್ರ್ಯಾಗನ್ ರೈಲನ್ನು ಕಂಡಿರಬಹುದು. ಎರಡೂ ಏರಿಳಿಯುವ ಹಳಿಯ ಮೇಲೆ ಓಡುವ ಬಂಡಿಗಳೇ. ಆದರೆ ಜಾತ್ರೆಯ ಆ ಪುಟ್ಟ ರೈಲಿಗೆ ಸಾಮಾನ್ಯವಾಗಿ ಉದ್ದಕ್ಕೂ ಮೋಟಾರಿನ ಬಲವುಂಟು. ನಿಜವಾದ ರೋಲರ್ ಕೋಸ್ಟರಿನಲ್ಲಿ ಹಾಗಲ್ಲ. ಅಲ್ಲಿ ಸರಪಣಿಯೊಂದು ಬಂಡಿಯನ್ನು ಮೊದಲ ದಿಬ್ಬದ ನೆತ್ತಿಗೆ ಎಳೆದು ಬಿಡುತ್ತದೆ. ಅಲ್ಲಿಂದ ಮುಂದಿನ ಓಟವೆಲ್ಲ ಆ ಎತ್ತರದಲ್ಲಿ ಕೂಡಿಟ್ಟ ಪ್ರಚ್ಛನ್ನ ಶಕ್ತಿಯ ವೆಚ್ಚದಲ್ಲಿ ನಡೆಯತಕ್ಕದ್ದು. ಇಳಿಯುವಾಗ ಅದು ಚಲನ ಶಕ್ತಿಯಾಗುತ್ತದೆ, ಏರುವಾಗ ಮರಳಿ ಪ್ರಚ್ಛನ್ನ ಶಕ್ತಿಯಾಗುತ್ತದೆ. ನಡುವೆ ಘರ್ಷಣೆಯೂ ಗಾಳಿಯ ತಡೆಯೂ ತಮ್ಮ ಸುಂಕವನ್ನು ವಸೂಲು ಮಾಡುತ್ತಲೇ ಇರುತ್ತವೆ.

ಈ ಏರ್ಪಾಟನ್ನು ನೋಡಲು ನಮ್ಮ ಭಾಗದವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ತರೀಕೆರೆ ತಾಲ್ಲೂಕಿನ ಶಾಂತಿಪುರ, ಬೆಟ್ಟದಾವರೆಕೆರೆಗಳ ಪಂಪುಮನೆಗಳು ಎರಡು ಹಂತದಲ್ಲಿ ಮೇಲಕ್ಕೆತ್ತುತ್ತವೆ. ಎತ್ತುವ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ನೀರು ಕಾಲುವೆಯಲ್ಲಿ ಹರಿದು, ಅಜ್ಜಂಪುರದ ಬಳಿ ಸುಮಾರು ೭ ಕಿಲೋಮೀಟರು ಉದ್ದದ ಸುರಂಗವನ್ನು ಹೊಕ್ಕು ಹೊರಬಂದು, ತನ್ನ ಭಾರದಿಂದಲೇ ಚಿತ್ರದುರ್ಗದ ಕಡೆಗೆ ಸಾಗುತ್ತದೆ. ವಾಣಿವಿಲಾಸ ಸಾಗರಕ್ಕೆ ಭದ್ರೆಯ ನೀರು ಮುಟ್ಟಿದುದು ಈ ದಾರಿಯಿಂದಲೇ. ವಿದ್ಯುತ್ತಿನ ಲೆಕ್ಕವೆಲ್ಲ ಏರಿನಲ್ಲಿ. ಇಳಿಜಾರಿಗೆ ಬಿಲ್ಲು ಬರುವುದಿಲ್ಲ. ಸರಪಣಿಯ ಬದಲು ಪಂಪು, ಬಂಡಿಯ ಬದಲು ನೀರು ಎಂದು ಓದಿಕೊಂಡರೆ ಇದು ರೋಲರ್ ಕೋಸ್ಟರಿನ ಮೊದಲ ದಿಬ್ಬವೇ ಸರಿ.

ಈ ವಿನೋದಯಂತ್ರದ ವಂಶಾವಳಿಯಲ್ಲಿ ಗಣಿಯೂ ಇದೆ. ರಷ್ಯದ ಚಳಿಗಾಲದ ಮಂಜುಗಡ್ಡೆಯ ಜಾರುದಿಬ್ಬಗಳು ಅದರ ಒಂದು ಮೂಲ. ಇನ್ನೊಂದು ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ೧೮೨೭ರಲ್ಲಿ ಆರಂಭವಾದ ಮಾಕ್ ಚಂಕ್ ಎಂಬ ಊರಿನ ಕಲ್ಲಿದ್ದಲ ಹಳಿದಾರಿ. ಬೆಟ್ಟದ ಮೇಲಣ ಗಣಿಯಿಂದ ತುಂಬಿದ ಬಂಡಿಗಳು ಗುರುತ್ವದಿಂದಲೇ ಕೆಳಗಿಳಿಯುತ್ತಿದ್ದವು. ಬರಿದಾದ ಬಂಡಿಗಳನ್ನು ಮೇಲಕ್ಕೆಳೆಯುವ ಹೇಸರಗತ್ತೆಗಳು ಕೆಳಗಿಳಿಯುವಾಗ ತಾವೂ ಒಂದು ಬಂಡಿಯಲ್ಲಿ ಸವಾರಿ ಮಾಡುತ್ತಿದ್ದವು. ಜನ ಇದನ್ನು ಕಂಡು ತಾವೂ ಹತ್ತಿ ಕುಳಿತರು. ಕಡೆಗೆ ಕಲ್ಲಿದ್ದಲು ಬೇರೆ ದಾರಿ ಹಿಡಿದು, ಆ ಹಳಿ ವಿಹಾರಿಗಳ ಪಾಲಾಯಿತು. ೧೮೮೪ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಐದು ಸೆಂಟು ದರದಲ್ಲಿ ನಡೆಸಿದ ಏರಿಳಿವಿನ ರೈಲು ಗಂಟೆಗೆ ಹತ್ತು ಕಿಲೋಮೀಟರಿನಷ್ಟೇ ವೇಗದ್ದು. ಆದರೂ ಜನ ಮುಗಿಬಿದ್ದರು. ಇದನ್ನು ಓದುವಾಗಲೆಲ್ಲ ನನಗೆ ಕೆಮ್ಮಣ್ಣುಗುಂಡಿಯ ನೆನಪಾಗುತ್ತದೆ. ೧೪೦೦ ಮೀಟರಿಗೂ ಮಿಗಿಲಾದ ಆ ಎತ್ತರದಿಂದ ಭದ್ರಾವತಿಯ ಕಾರ್ಖಾನೆಗೆ ಬೇಕಾದ ಕಬ್ಬಿಣದ ಅದಿರು ಉಕ್ಕಿನ ಹಗ್ಗಕ್ಕೆ ತೂಗುಹಾಕಿದ ಬುಟ್ಟಿಗಳಲ್ಲಿ ಇಳಿದು ಬರುತ್ತಿದ್ದ ಕಾಲವೊಂದಿತ್ತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ಹಳಿಯ ಟ್ರಾಮು ಓಡುತ್ತಿದ್ದುದನ್ನೂ ಹಿರಿಯರಿಂದ ಕೇಳಿದವರುಂಟು. ಎತ್ತರ, ಭಾರ, ಹಳಿ, ಈ ಮೂರರ ಪಾಠಕ್ಕೆ ನಮ್ಮ ತಾಲ್ಲೂಕುಗಳಷ್ಟು ತಕ್ಕ ನೆಲ ಬೇರೊಂದಿಲ್ಲವೆಂದು ಹೇಳಿದರೆ ಊರಿನ ಅಭಿಮಾನವೆಂದು ನಕ್ಕಾರು, ನಗಲಿ.

ಇಷ್ಟನ್ನು ಹೇಳಿದುದು ಆಯ್ಕೆಯ ಮೊದಲ ನಿಯಮಕ್ಕಾಗಿ. ಯಾವ ಕಿಟ್ಟಿನಲ್ಲಿ ಬಂಡಿಯೊಳಗೇ ಮೋಟಾರಿದ್ದು ಅದು ಹಳಿಯ ಉದ್ದಕ್ಕೂ ಸ್ವಂತ ಬಲದಿಂದ ಓಡುತ್ತದೆಯೋ ಅದನ್ನು ಮುಟ್ಟಬೇಡಿ. ಅದು ರೋಲರ್ ಕೋಸ್ಟರಿನ ವೇಷ ಹಾಕಿದ ಬೊಂಬೆ ರೈಲು. ಹೋದ ವರ್ಷಗಳಲ್ಲಿ ನಮ್ಮ ಭಾಗದ ಒಂದು ಪ್ರೌಢಶಾಲೆಯ ಪ್ರದರ್ಶನದಲ್ಲಿ ಇಂಥದೊಂದನ್ನು ಕಂಡೆ. ಬಣ್ಣದ ದೀಪಗಳು, ಸಂಗೀತ, ಸುತ್ತಲೂ ಕಾಗದದ ಮರಗಳು. ನೋಡುವುದಕ್ಕೆ ಬಹು ಸೊಗಸು. ಹತ್ತಿರ ನಿಂತಿದ್ದ ಹುಡುಗರನ್ನು “ಮೊದಲ ದಿಬ್ಬವನ್ನು ಇಷ್ಟೇ ಎತ್ತರ ಮಾಡಿದಿರೇಕೆ?” ಎಂದು ಕೇಳಿದೆ. “ಪೆಟ್ಟಿಗೆಯಲ್ಲಿ ಹಾಗೆಯೇ ಇತ್ತು ಸಾರ್” ಎಂದರು. ಹುಡುಗರ ಉತ್ತರದಲ್ಲಿ ತಪ್ಪಿಲ್ಲ. ಆ ಮಾದರಿಯಲ್ಲಿ ಮೊದಲ ದಿಬ್ಬವನ್ನು ಎರಡನೆಯದಕ್ಕಿಂತ ಗಿಡ್ಡವಾಗಿ ಮಾಡಿದ್ದರೂ ಬಂಡಿ ನಿರಾಯಾಸವಾಗಿ ಹತ್ತಿಬಿಡುತ್ತಿತ್ತು. ಪ್ರಕೃತಿ ಅಲ್ಲಿ ಆಕ್ಷೇಪಿಸುವ ಸಂದರ್ಭವೇ ಇರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಅದು ಗಾಜಿನ ಬೀರುವನ್ನು ಸೇರಿತು. ಈಗಲೂ ಅಲ್ಲಿಯೇ ಇದೆ.

ಅಂಗಡಿಯ ಕಡೆಗೆ ಬರೋಣ. ಈ ಕಿಟ್‌ಗಳನ್ನು ಸ್ಥೂಲವಾಗಿ ಮೂರು ಕುಲಗಳಾಗಿ ವಿಂಗಡಿಸಬಹುದು. ಮೊದಲನೆಯದು ಇಟ್ಟಿಗೆಯ ಕುಲ. ಡೆನ್ಮಾರ್ಕಿನ ಲೆಗೋ ಕಂಪನಿ ೨೦೧೮ರಲ್ಲಿ ೪೧೨೪ ತುಣುಕುಗಳ ಒಂದು ರೋಲರ್ ಕೋಸ್ಟರನ್ನೂ ೨೦೨೨ರಲ್ಲಿ ೩೭೫೬ ತುಣುಕುಗಳ, ಎರಡು ಕುಣಿಕೆಗಳುಳ್ಳ, ಸುಮಾರು ೯೨ ಸೆಂಟಿಮೀಟರು ಎತ್ತರದ ಇನ್ನೊಂದನ್ನೂ ಹೊರತಂದಿತು. ಎರಡನೆಯದು ಎಂಜಿನಿಯರಿಂಗಿನ ದೃಷ್ಟಿಯಿಂದ ಮೆಚ್ಚತಕ್ಕ ಕೆಲಸ. ಬಂಡಿಗಳು ನಿಜವಾಗಿಯೂ ಗುರುತ್ವದಿಂದಲೇ ಕುಣಿಕೆಯನ್ನು ಸುತ್ತುತ್ತವೆ. ಎರಡನೆಯ ಕುಲ ಕಡ್ಡಿ ಮತ್ತು ಗಂಟುಗಳದು. ಅಮೆರಿಕದ ಕೆನೆಕ್ಸ್ ಇದಕ್ಕೆ ಉದಾಹರಣೆ: ಕಡ್ಡಿಗಳನ್ನು ಹೆಣೆದು ಗೋಪುರ ಕಟ್ಟಿ, ಬಾಗುವ ಹಳಿಯನ್ನು ಅದಕ್ಕೆ ಸಿಕ್ಕಿಸಿ, ಸರಪಣಿಯಿಂದ ಬಂಡಿಯನ್ನು ಮೇಲೇರಿಸಬೇಕು. ಮೂರನೆಯದು ಗುಂಡಿನ ಕುಲ. ಇಲ್ಲಿ ಬಂಡಿಯಿಲ್ಲ, ಉಕ್ಕಿನ ಗುಂಡೇ ಪ್ರಯಾಣಿಕ. ಜಪಾನಿನ ಬಂಡಾಯ್ ಕಂಪನಿ ೧೯೮೦ರ ದಶಕದಲ್ಲಿ ಮಾರಿದ ಸ್ಪೇಸ್‌ವಾರ್ಪ್, ಜರ್ಮನಿಯ ರಾವೆನ್ಸ್‌ಬರ್ಗರ್ ೨೦೧೭ರಲ್ಲಿ ತಂದ ಗ್ರಾವಿಟ್ರ್ಯಾಕ್ಸ್, ಈಗ ಬರುತ್ತಿರುವ ಕೊರೆದ ಮರದ ಹಲಗೆಗಳ ಜೋಡಣೆಗಳು, ಎಲ್ಲವೂ ಈ ಕುಲಕ್ಕೆ ಸೇರಿದವು. ನಮ್ಮ ದೇಶದ ಮೆಕ್ಯಾನಿಕ್ಸ್ ಎಂಬ ಲೋಹಪಟ್ಟಿಗಳ ಕಿಟ್ಟು ರೋಲರ್ ಕೋಸ್ಟರಿನದಲ್ಲವಾದರೂ ಅದರ ರಂಧ್ರಪಟ್ಟಿಗಳೂ ತಿರುಪುಮೊಳೆಗಳೂ ಹಳಿಗೆ ಆಧಾರವಾಗಿ ಒದಗಬಲ್ಲವು. ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ತುಣುಕುಗಳ ಸಂಖ್ಯೆಯನ್ನು. ಪೆಟ್ಟಿಗೆಯ ಮೇಲೆ ಅದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವುದೂ ಇದಕ್ಕೆ ಕಾರಣ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ನಿರುಪಯುಕ್ತವಾದ ಅಳತೆ ಇನ್ನೊಂದಿಲ್ಲ. ನಾಲ್ಕು ಸಾವಿರ ತುಣುಕುಗಳಲ್ಲಿ ಬಹುಪಾಲು ಅಲಂಕಾರಕ್ಕೂ ಆಧಾರಕ್ಕೂ ಸಲ್ಲುತ್ತವೆ. ಅವನ್ನೆಲ್ಲ ಚಿತ್ರದಲ್ಲಿದ್ದಂತೆ ಜೋಡಿಸಿದರೆ ಬರುವುದು ಒಂದೇ ರೂಪ, ಮತ್ತು ಅದು ಯಾವಾಗಲೂ ಸಫಲವಾಗುವ ರೂಪ. ದಿಬ್ಬದ ಎತ್ತರ, ಕುಣಿಕೆಯ ಅಳತೆ, ಇಳಿಜಾರಿನ ಕೋನ ಇವನ್ನೆಲ್ಲ ಕಂಪನಿಯ ಎಂಜಿನಿಯರು ನೂರು ಸಲ ಸೋತು ನಿರ್ಣಯಿಸಿರುತ್ತಾನೆ. ಸೋಲಿನ ಆ ರುಚಿಯನ್ನೆಲ್ಲ ತಾನುಂಡು, ಗೆಲುವಿನ ಎಂಜಲನ್ನು ನಮಗೆ ಕಳುಹಿಸುತ್ತಾನೆ! ಮಾತು ಕೊಂಚ ಕಟುವಾಯಿತೇನೋ. ಆದರೆ ಭೌತವಿಜ್ಞಾನವನ್ನು ಕಲಿಯಬೇಕೆಂಬ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಪೆಟ್ಟಿಗೆಯಿಂದ ಕಟ್ಟಿದ ಹಳಿಯಲ್ಲಿ ಗುಂಡು ಬೀಳುವಂತೆ ಮಾಡಲು ನನಗೆ ಸಾಧ್ಯವೇ? ಬಿದ್ದ ಮೇಲೆ ಒಂದೇ ಒಂದು ಅಳತೆಯನ್ನು ಬದಲಿಸಿ ಮತ್ತೆ ಬಿಡಲು ಸಾಧ್ಯವೇ? ಇವೆರಡಕ್ಕೂ ಹೌದೆನ್ನುವ ಕಿಟ್ಟು ನೂರೈವತ್ತು ತುಣುಕಿನದಾದರೂ ಚಿಂತೆಯಿಲ್ಲ.

ಏಕೆಂಬುದನ್ನು ಕುಣಿಕೆಯ ಉದಾಹರಣೆಯಿಂದ ವಿಚಾರಿಸೋಣ. ಲಂಬವಾಗಿ ನಿಂತ ವೃತ್ತಾಕಾರದ ಕುಣಿಕೆಯನ್ನು ಬಂಡಿ ಸುತ್ತಿ ಬರಬೇಕಾದರೆ ನೆತ್ತಿಯಲ್ಲಿ ಅದಕ್ಕೆ ಒಂದು ಕನಿಷ್ಠ ವೇಗವಿರಬೇಕು. ಆ ವೇಗದಲ್ಲಿ ವೃತ್ತದಲ್ಲಿ ತಿರುಗಲು ಬೇಕಾದ ಕೇಂದ್ರಾಭಿಮುಖ ಬಲವನ್ನು ಭಾರವೊಂದೇ ಒದಗಿಸುತ್ತದೆ, ಹಳಿ ಸುಮ್ಮನೆ ಮುಟ್ಟಿಕೊಂಡಿರುತ್ತದೆ. ವೇಗ ಇದಕ್ಕಿಂತ ಕಡಮೆಯಾದರೆ ಬಂಡಿ ಹಳಿಯನ್ನು ಬಿಟ್ಟು ಕಳಚಿಕೊಳ್ಳುತ್ತದೆ. ಶಕ್ತಿಯ ಲೆಕ್ಕವನ್ನು ಇದಕ್ಕೆ ಕೂಡಿಸಿದರೆ, ಘರ್ಷಣೆಯಿಲ್ಲದೆ ಜಾರುವ ವಸ್ತುವನ್ನು ಕುಣಿಕೆಯ ತಳದಿಂದ ತ್ರಿಜ್ಯದ ೨.೫ ಪಟ್ಟು ಎತ್ತರದಿಂದ ಬಿಡಬೇಕೆಂದು ತಿಳಿಯುತ್ತದೆ. ೧೦ ಸೆಂಟಿಮೀಟರು ತ್ರಿಜ್ಯದ ಕುಣಿಕೆಗೆ ೨೫ ಸೆಂಟಿಮೀಟರು. ಪದವಿ ಪೂರ್ವ ತರಗತಿಯ ಪುಸ್ತಕದಲ್ಲಿ ಈ ಲೆಕ್ಕವಿದೆ; ಪರೀಕ್ಷೆಯಲ್ಲಿ ಬರುತ್ತದೆ; ವಿದ್ಯಾರ್ಥಿಗಳು ಬರೆದು ಅಂಕ ಪಡೆಯುತ್ತಾರೆ.

ಈಗ ಗುಂಡನ್ನು ತೆಗೆದುಕೊಂಡು ೨೫ ಸೆಂಟಿಮೀಟರಿನಿಂದ ಬಿಡಿ. ಅದು ಬಿದ್ದೇ ಬೀಳುತ್ತದೆ. ಘರ್ಷಣೆಯ ದೆಸೆಯಿಂದ ಎಂದು ಎಲ್ಲರೂ ಒಡನೆಯೇ ಹೇಳಿಬಿಡುತ್ತಾರೆ. ಅದು ಅರ್ಧ ಸತ್ಯ. ಗುಂಡು ಜಾರುವುದಿಲ್ಲ, ಉರುಳುತ್ತದೆ. ಎತ್ತರದಿಂದ ದೊರೆತ ಶಕ್ತಿಯಲ್ಲಿ ಒಂದು ಪಾಲು ಅದರ ಸ್ವಂತ ತಿರುಗಾಟಕ್ಕೆ ವೆಚ್ಚವಾಗಿ, ಮುನ್ನುಗ್ಗುವುದಕ್ಕೆ ಉಳಿಯುವುದು ಕಡಮೆ. ಈ ಪಾಲನ್ನು ಲೆಕ್ಕಕ್ಕೆ ಹಿಡಿದರೆ, ನುಣುಪಾದ ಚಪ್ಪಟೆ ತಳದ ಮೇಲೆ ಉರುಳುವ ಚಿಕ್ಕ ಗುಂಡಿಗೆ ಬೇಕಾದ ಎತ್ತರ ೨.೭ ಪಟ್ಟು. ಕಥೆ ಅಲ್ಲಿಗೂ ಮುಗಿಯದು. ಎರಡು ಹಳಿಗಳ ನಡುವೆ ಗುಂಡು ಕೊಂಚ ಕೆಳಗಿಳಿದು ಕುಳಿತಿರುತ್ತದಷ್ಟೆ. ಆಗ ಅದು ತನ್ನ ಪೂರ್ಣ ತ್ರಿಜ್ಯದಿಂದಲ್ಲ, ಅದಕ್ಕಿಂತ ಕಿರಿದಾದ ಒಂದು ತ್ರಿಜ್ಯದಿಂದ ಉರುಳಬೇಕು. ಅಷ್ಟೇ ದೂರಕ್ಕೆ ಹೆಚ್ಚು ಸುತ್ತು, ಹೆಚ್ಚು ಸುತ್ತಿಗೆ ಹೆಚ್ಚು ಶಕ್ತಿ. ಗುಂಡು ಮುಟ್ಟುವ ಎರಡು ಬಿಂದುಗಳ ನಡುವಣ ಅಂತರ ಅದರ ತ್ರಿಜ್ಯದಷ್ಟಿದ್ದರೆ ಎತ್ತರ ಸುಮಾರು ೨.೭೭ ಪಟ್ಟಿಗೂ, ಅಂತರ ತ್ರಿಜ್ಯದ ೧.೬ ಪಟ್ಟಾದರೆ ೩ ಪಟ್ಟಿಗೂ ಮೇಲಕ್ಕೆ ಹೋಗುತ್ತದೆ. ೧೦ ಸೆಂಟಿಮೀಟರಿನ ಅದೇ ಕುಣಿಕೆಗೆ ೨೫ರ ಬದಲು ೩೦ ಸೆಂಟಿಮೀಟರಿಗೂ ಹೆಚ್ಚು. ಇದರಲ್ಲಿ ಘರ್ಷಣೆಯ ಕಾಸೂ ಸೇರಿಲ್ಲ. (ತ್ರಿಜ್ಯವೆಂದರೆ ಹಳಿಯದಲ್ಲ, ಗುಂಡಿನ ಕೇಂದ್ರ ಸುತ್ತುವ ವೃತ್ತದ್ದು, ಅಳೆಯುವಾಗ ಇದನ್ನು ಮರೆಯುವವರೇ ಹೆಚ್ಚು.) ಹಳಿಗಳನ್ನು ಅರ್ಧ ಬೆರಳು ಅಗಲಿಸಿದ್ದರಿಂದ ಗುಂಡು ಬಿತ್ತೆಂಬ ಸಂಗತಿ ಪುಸ್ತಕದ ಆ ಲೆಕ್ಕದಲ್ಲಿಲ್ಲ. ಹಳಿಯ ಅಂತರವನ್ನು ಬದಲಿಸಬಲ್ಲ ಕಿಟ್ಟಿನಲ್ಲಿ ಮಾತ್ರ ಇದೆ. ಸ್ಪೇಸ್‌ವಾರ್ಪಿನಂತಹ ಬಾಗುವ ಜೋಡಿಹಳಿಯ ಕಿಟ್‌ಗಳನ್ನು ನಾನು ಉಳಿದವುಗಳಿಗಿಂತ ಮೇಲೆ ಇರಿಸುವುದು ಇದರಿಂದಲೇ. ಅಚ್ಚಿನಲ್ಲಿ ಎರಕ ಹೊಯ್ದ, ತುಂಡುತುಂಡಾದ ಗಟ್ಟಿ ಹಳಿಗಳುಳ್ಳವು ಬೇಗ ನಿಲ್ಲುತ್ತವೆ, ಚೆನ್ನಾಗಿ ಕಾಣುತ್ತವೆ. ಆದರೆ ಅವುಗಳಲ್ಲಿ ವಕ್ರರೇಖೆ ನಮ್ಮದಲ್ಲ.

ವಕ್ರರೇಖೆ ನಮ್ಮದಾಗಬೇಕೆನ್ನುವುದಕ್ಕೆ ಇತಿಹಾಸದ ಬೆಂಬಲವೂ ಇದೆ. ೧೮೯೫ರಲ್ಲಿ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲಾಪ್ ಎಂಬ ಹೆಸರಿನಲ್ಲಿ ವೃತ್ತಾಕಾರದ ಕುಣಿಕೆಯೊಂದನ್ನು ಕಟ್ಟಿದರು. ಅದರ ವ್ಯಾಸ ೨೫ ಅಡಿ. ಹತ್ತಿದವರ ಕುತ್ತಿಗೆ ನೊಂದಿತು. ಕಾರಣ ಸರಳ. ನೇರ ಹಳಿಯಿಂದ ವೃತ್ತಕ್ಕೆ ಪ್ರವೇಶಿಸಿದ ಕ್ಷಣದಲ್ಲೇ ಬಂಡಿಯ ಮೇಲೆ ಕೇಂದ್ರಾಭಿಮುಖ ಬಲ ಒಮ್ಮೆಗೇ ಎರಗುತ್ತದೆ. ಘರ್ಷಣೆಯಿಲ್ಲದ ಲೆಕ್ಕದಲ್ಲಿ, ನೆತ್ತಿಯನ್ನು ಹೇಗೋ ದಾಟುವಷ್ಟೇ ವೇಗವಿರುವ ಬಂಡಿಗೂ ತಳದಲ್ಲಿ ತನ್ನ ತೂಕದ ಆರು ಪಟ್ಟು ಒತ್ತಡ ಬೀಳುತ್ತದೆ. ಅರವತ್ತು ಕಿಲೋಗ್ರಾಮಿನ ಮನುಷ್ಯ ಕ್ಷಣಕಾಲ ಮುನ್ನೂರ ಅರವತ್ತರವನಾದಂತೆ! ೧೯೦೧ರಲ್ಲಿ ಎಡ್ವಿನ್ ಪ್ರೆಸ್ಕಾಟ್ ಕುಣಿಕೆಯನ್ನು ಮೊಟ್ಟೆಯಾಕಾರಕ್ಕೆ ಎಳೆದು ಸ್ವಲ್ಪ ಸುಧಾರಿಸಿದ. ಪೂರ್ಣ ಪರಿಹಾರ ಬರಬೇಕಾದರೆ ೧೯೭೬ರವರೆಗೆ ಕಾಯಬೇಕಾಯಿತು. ಆ ವರ್ಷ ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕಾಫ್ ಮತ್ತು ವೆರ್ನರ್ ಸ್ಟೆಂಗೆಲ್ ಕ್ಯಾಲಿಫೋರ್ನಿಯದ ಮ್ಯಾಜಿಕ್ ಮೌಂಟನ್ನಿನಲ್ಲಿ ಕಟ್ಟಿದ ಕುಣಿಕೆ ನೀರಹನಿಯ ಆಕಾರದ್ದು: ತಳದಲ್ಲಿ ವಿಶಾಲ, ಮೇಲೇರಿದಂತೆ ಕ್ರಮೇಣ ಬಿಗಿ. ವೇಗ ಹೆಚ್ಚಿರುವಲ್ಲಿ ತ್ರಿಜ್ಯ ದೊಡ್ಡದು, ವೇಗ ಕುಗ್ಗಿದಲ್ಲಿ ಚಿಕ್ಕದು. ರೈಲುಹಳಿ ನೇರದಿಂದ ತಿರುವಿಗೆ ಹೊರಳುವಲ್ಲಿಯೂ ಹೀಗೆಯೇ ಮೆಲ್ಲಮೆಲ್ಲನೆ ಬಿಗಿಯಾಗುವ ರೇಖೆಯನ್ನು ಹಾಕುತ್ತಾರೆ. ಬೀರೂರಿನಿಂದ ಶಿವಮೊಗ್ಗದ ಕಡೆಗೆ ಕಿಟಕಿಯ ಬಳಿ ಕುಳಿತು ಪಯಣಿಸುವ ವಿದ್ಯಾರ್ಥಿ ತಿರುವಿನಲ್ಲಿ ಮೈ ಒಮ್ಮೆಲೇ ಪಕ್ಕಕ್ಕೆ ಎಸೆಯಲ್ಪಡದಿರುವುದಕ್ಕೆ ಕಾರಣವನ್ನು ಯೋಚಿಸಬಹುದು. ಬಾಗುವ ಹಳಿಯ ಕಿಟ್ಟಿದ್ದರೆ ವೃತ್ತವನ್ನೂ ನೀರಹನಿಯನ್ನೂ ಒಂದೇ ಎತ್ತರಕ್ಕೆ ಕಟ್ಟಿ, ಯಾವುದಕ್ಕೆ ಗುಂಡನ್ನು ಎಷ್ಟು ಮೇಲಿನಿಂದ ಬಿಡಬೇಕೆಂದು ಪಕ್ಕಪಕ್ಕದಲ್ಲಿ ನೋಡಬಹುದು.

ಒಂದು ಆಕ್ಷೇಪಣೆಯನ್ನು ಇಲ್ಲಿ ಎದುರಿಸಬೇಕು. “ಗುಂಡು ಉರುಳುವ ಹಳಿ ರೋಲರ್ ಕೋಸ್ಟರಿನಂತೆ ಕಾಣುವುದೇ ಇಲ್ಲ, ಬಂಡಿಯಿದ್ದರೆ ತಾನೇ ಮಕ್ಕಳು ಸುತ್ತ ನೆರೆದಾರು?” ಎಂಬುದು ಉಪಾಧ್ಯಾಯ ಮಿತ್ರರೊಬ್ಬರ ವಾದ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ನೆರೆಯದ ಮಕ್ಕಳಿಗೆ ಯಾವ ಪಾಠವನ್ನು ಹೇಳುವುದು? ಆದರೆ ಮಾದರಿಯ ಬಂಡಿಗಳಿಗೆ ಒಂದು ಸಂಕಟವಿದೆ. ಹಗುರವಾದ ಪ್ಲಾಸ್ಟಿಕ್ ಬಂಡಿಯ ಪುಟ್ಟ ಗಾಲಿಗಳ ಅಚ್ಚಿನಲ್ಲಿ ನಡೆಯುವ ಉಜ್ಜಾಟ ಅದರ ಅಲ್ಪ ಶಕ್ತಿಯಲ್ಲಿ ದೊಡ್ಡ ಭಾಗವನ್ನು ತಿನ್ನುತ್ತದೆ. ಒಂದು ಗಾಲಿಗೆ ಕೂದಲೆಳೆ ಸುತ್ತಿಕೊಂಡರೂ ಸಾಕು, ನಿನ್ನೆಯ ಅಳತೆ ಇಂದು ಬರುವುದಿಲ್ಲ. ಉಕ್ಕಿನ ಗುಂಡಿಗೆ ಅಚ್ಚೇ ಇಲ್ಲ. ನೂರು ಸಲ ಬಿಟ್ಟರೂ ಹೆಚ್ಚುಕಡಮೆ ಅದೇ ನಡೆ. ಗೆಲಿಲಿಯೊ ೧೬೩೮ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವರ್ಣಿಸಿದ ಇಳಿಜಾರಿನ ಪ್ರಯೋಗದಲ್ಲಿ ಮರದ ತೊಲೆಯಲ್ಲಿ ನೇರವಾದ ಗಾಡಿಯನ್ನು ಕೊರೆದು, ಅದಕ್ಕೆ ನುಣುಪಾದ ಚರ್ಮಪತ್ರವನ್ನು ಅಂಟಿಸಿ, ಉರುಳಿಸಿದುದು ಕಂಚಿನ ಗುಂಡನ್ನೇ. ಆತನಿಗೆ ಬೇಕಾಗಿದ್ದುದು ಜನ ನೆರೆಯುವುದಲ್ಲ, ಅಳತೆ ಮರುಕಳಿಸುವುದು.

ಅಳೆಯುವ ಮಾತು ಬಂದಾಗ ಕಾಲದ ವಿಷಯವನ್ನೂ ಹೇಳಿಬಿಡಬೇಕು. “ಇಷ್ಟು ಗಿಡ್ಡನೆಯ ಮಾದರಿಯಲ್ಲಿ ಬಂಡಿ ಅಷ್ಟು ಬೇಗ ಹೋಗಿಬಿಡುತ್ತದಲ್ಲ, ನಿಜವಾದದ್ದು ಸಾವಕಾಶವಾಗಿ ಹೋಗುವ ಹಾಗೆ ಕಾಣುತ್ತದೆ, ಏಕೆ ಸಾರ್?” ಎಂದು ಪದವಿ ಪೂರ್ವ ತರಗತಿಯ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಬಹು ಒಳ್ಳೆಯ ಪ್ರಶ್ನೆ. ೪೦ ಮೀಟರು ಎತ್ತರದಿಂದ ಇಳಿದ ನಿಜವಾದ ಬಂಡಿಗೆ, ಘರ್ಷಣೆಯನ್ನು ಬಿಟ್ಟರೆ, ಸೆಕೆಂಡಿಗೆ ೨೮ ಮೀಟರು, ಎಂದರೆ ಗಂಟೆಗೆ ನೂರು ಕಿಲೋಮೀಟರಿನಷ್ಟು ವೇಗ ಬರುತ್ತದೆ. ಅದನ್ನು ಐವತ್ತನೆಯ ಒಂದು ಭಾಗಕ್ಕೆ ಇಳಿಸಿದ ಮಾದರಿಯ ಎತ್ತರ ೮೦ ಸೆಂಟಿಮೀಟರು. ಅಲ್ಲಿನ ವೇಗ ಸೆಕೆಂಡಿಗೆ ೪ ಮೀಟರಿಗೆ ತುಸು ಕಡಮೆ. ಉದ್ದ ಐವತ್ತು ಪಟ್ಟು ಕುಗ್ಗಿದರೂ ವೇಗ ಕುಗ್ಗಿದುದು ಐವತ್ತರ ವರ್ಗಮೂಲದಷ್ಟು, ಎಂದರೆ ಏಳು ಪಟ್ಟು ಮಾತ್ರ. ಉಳಿದ ಏಳು ಪಟ್ಟು ಕಾಲದ ಲೆಕ್ಕಕ್ಕೆ ಬರುತ್ತದೆ: ಮಾದರಿಯಲ್ಲಿ ಎಲ್ಲವೂ ಏಳು ಪಟ್ಟು ಅವಸರದಲ್ಲಿ ನಡೆದುಹೋಗುತ್ತದೆ. ಎತ್ತರವನ್ನು ಕುಗ್ಗಿಸಬಲ್ಲೆವು, ಗುರುತ್ವವನ್ನು ಕುಗ್ಗಿಸಲಾರೆವು. ಇದೇ ಇದರ ಗುಟ್ಟು. ಕುಣಿಕೆಯ ತಳದಲ್ಲಿ ತೂಕ ಎಷ್ಟು ಪಟ್ಟಾಗುತ್ತದೆಂಬ ಲೆಕ್ಕವಾದರೋ ಎರಡರಲ್ಲಿಯೂ ಒಂದೇ.

ಪರಿಹಾರ ಇಂದು ಅನೇಕರ ಜೇಬಿನಲ್ಲಿದೆ. ಬಹಳಷ್ಟು ಮೊಬೈಲ್ ಫೋನುಗಳು ಸೆಕೆಂಡಿಗೆ ೨೪೦ ಚಿತ್ರಗಳನ್ನು ತೆಗೆಯಬಲ್ಲವು. ಅವನ್ನು ಸೆಕೆಂಡಿಗೆ ೩೦ರಂತೆ ತೋರಿಸಿದರೆ ಓಟ ಎಂಟು ಪಟ್ಟು ನಿಧಾನವಾಗುತ್ತದೆ. ಅರವತ್ತನಾಲ್ಕನೆಯ ಒಂದು ಭಾಗದ ಮಾದರಿಗೆ ಇದು ಸರಿಯಾಗಿ ಹೊಂದುವ ನಿಧಾನ; ಮೇಜಿನ ಮೇಲಣ ಗುಂಡು ಬಿಡದಿಯ ಬಂಡಿಯ ಗಾಂಭೀರ್ಯದಿಂದ ದಿಬ್ಬವನ್ನು ದಾಟುವುದು ಕಾಣುತ್ತದೆ. ಹಿಂದೆ ಒಂದು ಅಳತೆಪಟ್ಟಿಯನ್ನು ನಿಲ್ಲಿಸಿ ಒಂದೊಂದು ಚಿತ್ರವನ್ನೂ ನಿಲ್ಲಿಸಿ ನೋಡಿದರೆ ವೇಗವೂ ದೊರೆಯುತ್ತದೆ. ಆದುದರಿಂದ ವೇಗವನ್ನು ಅಂಕಿಯಲ್ಲಿ ತೋರಿಸುವ ಸಾಧನವಿದೆಯೆಂದು ಹೆಚ್ಚು ಬೆಲೆ ಹೇಳುವ ಪೆಟ್ಟಿಗೆಗೆ ಮರುಳಾಗಬೇಕಾದುದಿಲ್ಲ.

ಹಾಗಾದರೆ ಕೊಳ್ಳುವುದೇಕೆ, ನಾವೇ ಮಾಡಿಕೊಳ್ಳಬಾರದೇಕೆ ಎಂದು ಕೆಲವರಿಗೆ ತೋರೀತು. ಮಾಡಿಕೊಳ್ಳಬಹುದು. ಕಡೂರಿನ ತೆಂಗಿನ ತೋಟಗಳಲ್ಲಿಯೂ ತರೀಕೆರೆಯ ಅಡಕೆಯ ತೋಟಗಳಲ್ಲಿಯೂ ಹನಿ ನೀರಾವರಿಗೆ ಹಾಸುವ ಹದಿನಾರು ಮಿಲಿಮೀಟರಿನ ಕರಿಯ ಪೈಪು ಎಲ್ಲರಿಗೂ ಪರಿಚಿತ. ಹಳೆಯದಾಗಿ ಸುತ್ತಿಟ್ಟ ತುಂಡುಗಳು ಎಷ್ಟೋ ಮನೆಗಳ ಹಿತ್ತಿಲಲ್ಲಿ ಬಿದ್ದಿರುತ್ತವೆ. ಇಂಥ ಎರಡು ಪೈಪುಗಳನ್ನು, ಮಧ್ಯದಿಂದ ಮಧ್ಯಕ್ಕೆ ೨೪ ಮಿಲಿಮೀಟರಿನಂತೆ, ಜೋಡಿಯಾಗಿ ಅಡಕೆಯ ದಬ್ಬೆಗಳಿಗೆ ಕಟ್ಟಿ, ಗ್ಯಾರೇಜಿನಿಂದ ತಂದ ೨೫ ಮಿಲಿಮೀಟರಿನ ಬೇರಿಂಗ್ ಗುಂಡನ್ನು ಬಿಟ್ಟರೆ ಚೆನ್ನಾಗಿಯೇ ಓಡುತ್ತದೆ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಇದರ ಕುಣಿಕೆಗೆ ಬೇಕಾದುದು ತ್ರಿಜ್ಯದ ಸುಮಾರು ೨.೮ ಪಟ್ಟು ಎತ್ತರ. ಸುರುಳಿಯಲ್ಲಿದ್ದ ಪೈಪು ತನ್ನ ಬಾಗನ್ನು ಸುಲಭವಾಗಿ ಬಿಡುವುದಿಲ್ಲ. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಎಳೆದು ಕಟ್ಟಿಟ್ಟರೆ ಸಡಿಲುತ್ತದೆ. ಅಂತರ ಎಲ್ಲೆಡೆಯಲ್ಲಿಯೂ ಸಮನಾಗಿರಲು ಅಲ್ಲಲ್ಲಿ ಮರದ ತುಂಡುಗಳನ್ನು ನಡುವೆ ಕೊಡಬೇಕು. ಈ ಕೊನೆಯದೇ ಬೇಸರದ ಕೆಲಸ. ಕುಣಿಕೆಯಲ್ಲಿ ಎರಡು ಪೈಪುಗಳೂ ಸಮಾನಾಂತರವಾಗಿ ನಿಲ್ಲುವಂತೆ ಮಾಡಲು ಎರಡು ಮೂರು ಸಂಜೆಗಳಾದರೂ ಹಿಡಿದಾವು. ಕೊಂಡ ಕಿಟ್ಟಿನ ನಿಜವಾದ ಲಾಭ ಇರುವುದು ಇಲ್ಲಿ: ಹಳಿಯನ್ನು ಹಿಡಿಯುವ ಕೊಕ್ಕೆಗಳು ಒಂದೇ ಅಳತೆಯಲ್ಲಿ ಬಂದಿರುತ್ತವೆ, ಜೋಡಣೆಯ ಶ್ರಮ ಉಳಿದು ಪ್ರಯೋಗಕ್ಕೆ ಕಾಲ ಸಿಕ್ಕುತ್ತದೆ. ಸಮಯವಿರುವ ಕಾಲೇಜು ವಿದ್ಯಾರ್ಥಿಗಳು ಪೈಪನ್ನೂ, ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಪಾಠ ಮುಗಿಸಬೇಕಾದ ಪ್ರೌಢಶಾಲೆಯವರು ಕಿಟ್ಟನ್ನೂ ಆರಿಸಿಕೊಳ್ಳುವುದು ಯುಕ್ತವೆಂದು ನನಗೆ ತೋರುತ್ತದೆ.

ಕೊಳ್ಳುವವರಿಗೆ ಇನ್ನೆರಡು ಮಾತು. ೨೦೨೧ರ ಜನವರಿಯಿಂದ ನಮ್ಮ ದೇಶದಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಪೆಟ್ಟಿಗೆಯ ಮೇಲೆ ಅದನ್ನು ಹುಡುಕಿ ನೋಡಿ. ಗುಂಡುಗಳನ್ನು ಮನೆಯಲ್ಲಿ ಎಳೆಯ ಮಕ್ಕಳ ಕೈಗೆ ಸಿಗದಂತೆ ಇಡಬೇಕೆಂಬುದನ್ನು ಹೇಳಬೇಕಾಗಿಲ್ಲ. ಎರಡನೆಯದು ಕಳೆದುಹೋಗುವ ಭಾಗಗಳ ಮಾತು. ಇಂಥ ಕಿಟ್ಟಿನ ಬಿಡಿಭಾಗ ಕಡೂರಿನ ಪೇಟೆಯಲ್ಲಿ ದೊರೆಯುವಂಥದಲ್ಲ. ವಿಶೇಷ ಆಕಾರದ ಒಂದು ಹಲ್ಲುಗಾಲಿ ಮುರಿದರೆ ಸರಪಣಿಯ ಏರು ನಿಂತು, ಇಡೀ ಮಾದರಿ ಬೀರುವಿನ ದಾರಿ ಹಿಡ���ಯುತ್ತದೆ. ಆದುದರಿಂದ ಏರಿಸುವ ಯಂತ್ರವಿಲ್ಲದ, ಗುಂಡನ್ನು ಕೈಯಿಂದಲೇ ಮೇಲಿಡುವ ಕಿಟ್ಟನ್ನು ಮೊದಲು ತನ್ನಿ. ಕೈಯಿಂದ ಇಟ್ಟರೆ ಎತ್ತರ ನಿಮ್ಮ ಇಚ್ಛೆಯಂತೆ; ಸರಪಣಿಯಾದರೆ ಎತ್ತರ ಒಂದೇ. ಅದರ ಗುಂಡು ಸೈಕಲ್ಲಿನಂಗಡಿಯ ಅಥವಾ ಗ್ಯಾರೇಜಿನ ಗುಂಡಿನಿಂದ ಬದಲಾಗುವಂತಿದ್ದರೆ, ಕಂಬಗಳು ಮೆಕ್ಯಾನಿಕ್ಸಿನ ಪಟ್ಟಿಗೋ ಬಿದಿರಿಗೋ ಒಗ್ಗುವಂತಿದ್ದರೆ, ಅದು ಐದಾರು ವರ್ಷ ಬಾಳೀತು. ಹಣ ಮಿಕ್ಕರೆ ದೊಡ್ಡ ಕಿಟ್ಟಿಗೆ ಹೋಗುವ ಬದಲು ಅದೇ ಕಿಟ್ಟಿನ ಇನ್ನೊಂದು ಪೆಟ್ಟಿಗೆಯನ್ನು ತರಿಸಿ. ಎರಡು ಹಳಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ತಾನೇ ಹೋಲಿಕೆ ಸಾಧ್ಯವಾಗುವುದು!

ಪೆಟ್ಟಿಗೆ ಬಂದ ಮೊದಲ ದಿನ ಅದರಲ್ಲಿರುವ ಚಿತ್ರಗಳ ಪುಸ್ತಕವನ್ನು ಪಕ್ಕಕ್ಕಿಡಿ. ಒಂದು ಇಳಿಜಾರು, ಒಂದು ಕುಣಿಕೆ, ಇಷ್ಟನ್ನೇ ಗೋಡೆಯ ಮಗ್ಗುಲಿಗೆ ನಿಲ್ಲಿಸಿ. ಗುಂಡನ್ನು ತ್ರಿಜ್ಯದ ಎರಡು ಪಟ್ಟು ಎತ್ತರದಿಂದ ಬಿಡಲು ಮೊದಲುಮಾಡಿ ಅರ್ಧರ್ಧ ಸೆಂಟಿಮೀಟರು ಮೇಲೇರಿಸುತ್ತ ಹೋಗಿ. ಮೊದಲು ಅದು ನೆತ್ತಿಗೆ ಮುನ್ನವೇ ಹಳಿಯನ್ನು ಬಿಟ್ಟು ಬೀಳುತ್ತದೆ, ಬರುಬರುತ್ತ ನೆತ್ತಿಯ ಬಳಿ ಕಳಚಿಕೊಳ್ಳುತ್ತದೆ, ಆಮೇಲೊಮ್ಮೆ ಸುತ್ತಿ ಹೊರಬರುತ್ತದೆ. ಆ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ, ಅದರ ಕೆಳಗೆ ೨.೫ ಪಟ್ಟಿನ ಗೆರೆಯೊಂದನ್ನೂ ೨.೭ ಪಟ್ಟಿನ ಗೆರೆಯೊಂದನ್ನೂ ಎಳೆಯಿರಿ. ನಿಮ್ಮ ಗುರುತು ಎರಡಕ್ಕೂ ಎಷ್ಟು ಮೇಲಿದೆಯೆಂದು ಅಳೆದು, ಅದರಲ್ಲಿ ಹಳಿಯ ಅಂತರದ ಪಾಲೆಷ್ಟು, ಘರ್ಷಣೆಯ ಪಾಲೆಷ್ಟು ಎಂದು ಬಿಡಿಸಿ ಬರೆಯಿರಿ.